ಬುದ್ಧ, ಮಹಾವೀರ ಒಂದೇ ಕಾಲಕ್ಕೆ ಬಂದದ್ದು ಹೇಗೆ?

ಪ್ರಶ್ನೆ: ಬುದ್ಧ, ಮಹಾವೀರ ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ ಮನೆ ಬಿಟ್ಟು ಹೊರಟರು. ಇದು ಬರೀ ಕಾಕತಾಳೀಯವೇ?

ಉತ್ತರ: ಅವರಿಬ್ಬರೇ ಇದ್ದಿದ್ದರೆ ಹಾಗೆನ್ನಬಹುದಿತ್ತು. ಆದರೆ ಕ್ರಿ.ಪೂ. 6-5ನೇ ಶತಮಾನದಲ್ಲಿ ಮಗಧ, ಕೋಸಲದ ದಾರಿಗಳಲ್ಲಿ ಮನೆ ಬಿಟ್ಟವರ ಗುಂಪುಗಳೇ ತಿರುಗಾಡುತ್ತಿದ್ದವು. ಇವರೇ ಶ್ರಮಣರು. ಬೌದ್ಧರ ಸಾಮಞ್ಞಫಲ ಸುತ್ತ ಎಂಬ ಪಾಲಿ ಗ್ರಂಥದಲ್ಲಿ ಬುದ್ಧನನ್ನು ಬಿಟ್ಟೂ ಆರು ಗುರುಗಳ ಹೆಸರಿದೆ. ಮಹಾವೀರ ಅವರಲ್ಲೊಬ್ಬ. ಸತ್ತ ಮೇಲೆ ಏನೂ ಉಳಿಯಲ್ಲ ಎಂದ ಅಜಿತ ಕೇಸಕಂಬಲಿ ಇನ್ನೊಬ್ಬ. ಆಜೀವಕರೆಂಬ ಪಂಥದ ಗುರು ಮಕ್ಖಲಿ ಗೋಸಾಲನದು ಮತ್ತೊಂದು ದಾರಿ: ಎಲ್ಲ ವಿಧಿಯ ಆಟ, ಮನುಷ್ಯನ ಪ್ರಯತ್ನದಿಂದ ಏನೂ ಬದಲಾಗಲ್ಲ. ಈತ ಮಹಾವೀರನ ಜೊತೆ ಆರು ವರ್ಷ ಇದ್ದು, ಆಮೇಲೆ ಬೇರೆಯಾದ ಎನ್ನುತ್ತವೆ ಜೈನ ಗ್ರಂಥಗಳು.

ಯಜ್ಞ-ಬಲಿಗಳ ವಿರುದ್ಧ ಎದ್ದ ಬಂಡಾಯ ಇದು ಅಂತ ಶಾಲೆಯಲ್ಲಿ ಓದಿರುತ್ತೇವೆ. ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಯಜ್ಞಕ್ಕಿಂತ ಅರಿವು ದೊಡ್ಡದು ಎಂಬ ಮಾತು ಉಪನಿಷತ್ತುಗಳಲ್ಲೂ ಇದೆ. ನನಗೆ ಮುಖ್ಯ ಅನಿಸುವುದು ಊಟದ ಪ್ರಶ್ನೆ. ಬೇಸಾಯ ಮಾಡದೆ, ಒಲೆ ಹಚ್ಚದೆ ತಿರುಗುವ ಇಷ್ಟೊಂದು ಜನಕ್ಕೆ ಯಾರಾದರೂ ಅನ್ನ ಹಾಕಬೇಕಲ್ವಾ?

ಹಾಕುವವರು ಆಗಷ್ಟೇ ಹುಟ್ಟಿಕೊಂಡಿದ್ದರು. ಗಂಗಾ ಬಯಲಿನಲ್ಲಿ ಭತ್ತ ಚೆನ್ನಾಗಿ ಬೆಳೆಯುತ್ತಿತ್ತು, ಕಬ್ಬಿಣದ ಬಳಕೆ ಹೆಚ್ಚಿತ್ತು, ಮುದ್ರೆ ಒತ್ತಿದ ಬೆಳ್ಳಿ ನಾಣ್ಯಗಳು ಚಲಾವಣೆಗೆ ಬಂದವು. ರಾಜಗೃಹ, ಶ್ರಾವಸ್ತಿ, ವೈಶಾಲಿಯಂಥ ಪಟ್ಟಣಗಳಲ್ಲಿ ವ್ಯಾಪಾರಿಗಳು ದುಡ್ಡು ಮಾಡಿದರು. ಶ್ರಾವಸ್ತಿಯ ಅನಾಥಪಿಂಡಿಕ ಎಂಬ ಸೆಟ್ಟಿ ಜೇತ ರಾಜಕುಮಾರನ ತೋಟದ ನೆಲಕ್ಕೆ ನಾಣ್ಯ ಹಾಸಿ, ಅದನ್ನು ಕೊಂಡು ಬುದ್ಧನಿಗೆ ಕೊಟ್ಟ ಎಂಬ ಕಥೆ ಸುಮ್ನೆ ಹುಟ್ಟಿದ್ದಲ್ಲ. ಮಧ್ಯಪ್ರದೇಶದ ಭಾರ್ಹುತ್ ಸ್ತೂಪದ ಶಿಲ್ಪದಲ್ಲಿ ಆಳುಗಳು ಚೌಕ ಚೌಕ ನಾಣ್ಯ ಹಾಸುತ್ತಿರುವುದನ್ನು ಈಗಲೂ ನೋಡಬಹುದು.

ಆದರೆ ಅದೇ ಕಾಲ ಹಳೆಯದನ್ನು ಮುರಿಯುತ್ತಲೂ ಇತ್ತು. ಬುದ್ಧ ಶಾಕ್ಯರವನು, ಮಹಾವೀರ ಜ್ಞಾತೃಗಳವನು. ಎರಡೂ ಗಣಗಳು, ಒಬ್ಬ ರಾಜನಲ್ಲ, ಕ್ಷತ್ರಿಯ ಮನೆತನಗಳು ಸಭೆ ಸೇರಿ ಆಳುತ್ತಿದ್ದವು. ಇಂಥ ಗಣಗಳನ್ನು ದೊಡ್ಡ ರಾಜ್ಯಗಳು ಒಂದೊಂದಾಗಿ ನುಂಗಿದವು. ಕೋಸಲದ ರಾಜ ವಿಡೂಡಭ ಶಾಕ್ಯರನ್ನು ಕೊಚ್ಚಿಹಾಕಿದ ಎನ್ನುತ್ತದೆ ಬೌದ್ಧ ಪರಂಪರೆ. ಮಗಧದ ರಾಜ ಅಜಾತಶತ್ರು ವೈಶಾಲಿಯ ಗಣದ ಮೇಲೆ ಯುದ್ಧಕ್ಕೆ ಹೋದ. ಕುಲ, ನೆಲ ಯಾವುದೂ ಗಟ್ಟಿ ಇಲ್ಲದ ಹೊತ್ತಿನಲ್ಲಿ ದುಃಖದ ಬಗ್ಗೆ ಮಾತಾಡುವವನಿಗೆ ಕೇಳುಗರು ಜಾಸ್ತಿ.

ಅನ್ನ ಕೊಡುವ ಜನರಿಗೂ ಈ ಶ್ರಮಣರ ಮೇಲೆ ಹಿಡಿತವಿತ್ತು. ಮಳೆಗಾಲದಲ್ಲೂ ತಿರುಗುತ್ತಿದ್ದ ಬೌದ್ಧ ಭಿಕ್ಷುಗಳನ್ನು ಜನ ಬೈದರಂತೆ: ಹಸಿರು ಹುಲ್ಲು, ಹುಳುಹುಪ್ಪಟೆ ತುಳಿಯುತ್ತಾರೆ, ಬೇರೆ ಪಂಥದವರು ಒಂದು ಕಡೆ ನಿಲ್ಲುತ್ತಾರೆ, ಹಕ್ಕಿಗಳೂ ಗೂಡು ಕಟ್ಟಿಕೊಳ್ಳುತ್ತವೆ, ಇವರಿಗೇನು? ಬುದ್ಧ ಮಳೆಗಾಲದ ವಾಸದ ನಿಯಮ ಮಾಡಿದ್ದು ಆಮೇಲೆ. ಕರ್ನಾಟಕದ ಊರುಗಳಲ್ಲಿ ಜೈನ ಮುನಿಗಳು ಇವತ್ತಿಗೂ ಚಾತುರ್ಮಾಸಕ್ಕೆ ಒಂದೇ ಕಡೆ ನಿಲ್ಲುತ್ತಾರಲ್ಲ, ಅದರ ಬೇರೂ ಇಷ್ಟೇ ಹಳೆಯದು.

ಆಜೀವಕರಿಗೆ ಅಶೋಕ ಬಿಹಾರದ ಬರಾಬರ್ ಬೆಟ್ಟದಲ್ಲಿ ಕನ್ನಡಿಯಂತೆ ಹೊಳೆಯುವ ಗುಹೆಗಳನ್ನೇ ಕೊಟ್ಟ. ಆದರೂ ಅವರ ಪಂಥ ಅಳಿಯಿತು, ಅವರ ಒಂದು ಗ್ರಂಥವೂ ಉಳಿದಿಲ್ಲ. ಹಾಗಾಗಿ ಗೋಸಾಲನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚಾಗಿ ಅವನ ಎದುರಾಳಿಗಳು ಬರೆದಿಟ್ಟದ್ದು.