ತಿಳಿಸಾರು ಸಪ್ಪೆಯಾದರೆ ಇನ್ನೊಂದು ಚಮಚ ಪುಡಿ ಹಾಕಬೇಕೆ?

ಪ್ರಶ್ನೆ: ನಾಲ್ಕು ಜನರ ಸಾರಿಗೆ ಎರಡು ಚಮಚ ಸಾರಿನ ಪುಡಿ ಹಾಕಿದರೂ ಸಪ್ಪೆ. ಮೂರು ಹಾಕಿದರೆ ಗಂಟಲು ಉರಿಯುತ್ತದೆ, ಘಮ ಮಾತ್ರ ಬರುವುದಿಲ್ಲ. ಸರಿಯಾಗಿ ಎಷ್ಟು ಹಾಕಬೇಕು?

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಎಲ್ಲರೂ ಎಷ್ಟು ಹಾಕಬೇಕು ಎಂದೇ ಕೇಳುತ್ತಾರೆ, ಯಾವಾಗ ಹಾಕಬೇಕು ಎಂದು ಒಬ್ಬರೂ ಕೇಳುವುದಿಲ್ಲ. ಎರಡು ಚಮಚ ಧಾರಾಳವಾಯಿತು. ಮೊದಲು ಉಪ್ಪು, ಹುಳಿ ನೋಡಿ. ಎಷ್ಟೋ ಸಲ ಚಿಟಿಕೆ ಉಪ್ಪು, ಇನ್ನೊಂದಿಷ್ಟು ಹುಣಸೆ ರಸ ಬಿದ್ದರೆ ಸಾರು ಸರಿಹೋಗುತ್ತದೆ. ಅವೆರಡೂ ಹದವಾಗಿದ್ದರೆ ಮುಂದೆ ಓದಿ.

ಪುಡಿ ಹೆಚ್ಚಿದಷ್ಟೂ ರುಚಿ ಹೆಚ್ಚು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಇವುಗಳ ಪರಿಮಳ ಇರುವುದು ಬೇಗ ಆವಿಯಾಗುವ ಎಣ್ಣೆಯಂಶದಲ್ಲಿ. ಇಡೀ ಕಾಳಿನೊಳಗೆ ಅದು ಭದ್ರ. ಪುಡಿ ಮಾಡಿದ ಗಳಿಗೆಯಿಂದಲೇ ಹೊರಟುಹೋಗಲು ಶುರು. ಒಲೆಯ ಮೇಲಿನ ಗೂಡಿನಲ್ಲಿ, ಬಿಸಿ ಹಬೆ ತಾಗುವ ಕಡೆ ಡಬ್ಬ ಇಟ್ಟರೆ ಇನ್ನೂ ಬೇಗ. ಆದರೆ ಖಾರ ಹಾಗೆ ಹೋಗುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರೀನ್ ಸುಲಭವಾಗಿ ಆವಿಯಾಗುವ ವಸ್ತುಗಳಲ್ಲ. ಮೆಂತ್ಯದ ಕಹಿಯೂ ಅಲ್ಲೇ ಇರುತ್ತದೆ. ಹಾಗಾಗಿ ಹಳೆಯ ಪುಡಿಯನ್ನು ಇನ್ನೊಂದು ಚಮಚ ಹಾಕಿದರೆ ಹೆಚ್ಚುವುದು ಖಾರ, ಕಹಿ ಮತ್ತು ತಳದ ಗಸಿ. ಗಂಟಲು ಉರಿದರೂ ಘಮ ಬಾರದಿರುವುದಕ್ಕೆ ಕಾರಣ ಇಷ್ಟೇ.

ಪುಡಿ ಹಾಕಿದ ಮೇಲೆ ಕಾಲು ಗಂಟೆ ಕುದಿಸುವವರೂ ಇದ್ದಾರೆ. ಬೀದಿಗೆಲ್ಲ ವಾಸನೆ ಬಂತು, ಸಾರು ಚೆನ್ನಾಗಿ ಆಗಿದೆ ಎನ್ನುತ್ತಾರೆ. ಬೀದಿಗೆ ಬಂದ ಪರಿಮಳ ತಟ್ಟೆಗೆ ಬರುವುದಿಲ್ಲವಲ್ಲ! ಹುಣಸೆ, ಟೊಮೇಟೊ ಎಷ್ಟು ಬೇಕಾದರೂ ಕುದಿಯಲಿ. ಪುಡಿ ಕೊನೆಗೆ ಬೀಳಲಿ, ಹಸಿ ವಾಸನೆ ಹೋಗುವಷ್ಟು ಕುದಿದು, ನೊರೆ ಉಕ್ಕಿ ಬಂದಾಗ ಒಲೆ ಆರಿಸಿ. ಪುಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಹುರಿದು ಕುಟ್ಟಿಕೊಳ್ಳಿ. ಬಣ್ಣ ಬೇಕು, ಖಾರ ಬೇಡ ಎನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ. ಸಾರು ಕೆಂಪಗಿದ್ದ ಮಾತ್ರಕ್ಕೆ ಖಾರ ಎಂದುಕೊಳ್ಳಬೇಡಿ.

ಇನ್ನು ಒಗ್ಗರಣೆ. ಅದು ಅಲಂಕಾರಕ್ಕಲ್ಲ. ಮಸಾಲೆಯ ಪರಿಮಳ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ, ತಿಳಿಸಾರಿನಲ್ಲಿ ಇರುವುದೆಲ್ಲ ನೀರೇ. ಸೌಟಿನಲ್ಲಿ ಒಂದು ಚಮಚ ತುಪ್ಪ ಕಾಯಿಸಿ ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ತಳದಲ್ಲಿ ಸುಮ್ಮನೆ ಕುಳಿತರೆ ತುಪ್ಪ ಇನ್ನೂ ಕಾಯಬೇಕು, ಚಟ್ಟೆಂದರೆ ಉಳಿದದ್ದು ಹಾಕಿ. ಸಿಡಿಯುವ ಸದ್ದು ಇಳಿಯುತ್ತಿದ್ದಂತೆ ಜೀರಿಗೆ, ಮುರಿದ ಒಣಮೆಣಸಿನಕಾಯಿ. ಮೆಣಸಿನಕಾಯಿ ಉಬ್ಬಿ ಹೊಳಪು ಬಂದ ಕ್ಷಣ ಉರಿ ಆರಿಸಿ, ಕರಿಬೇವು, ಕೊನೆಗೆ ಇಂಗು. ಸಾರಿಗೆ ಸುರಿದ ಕೂಡಲೇ ಮುಚ್ಚಳ ಮುಚ್ಚಿ ಐದು ನಿಮಿಷ ಬಿಡಿ. ಮೆಣಸಿನಕಾಯಿ ಕಪ್ಪಾದರೆ ಆ ಒಗ್ಗರಣೆಯನ್ನು ಚೆಲ್ಲಿ ಹೊಸದು ಮಾಡಿ, ತುಪ್ಪದ ಮುಖ ನೋಡಬೇಡಿ.

ಸಾಸಿವೆಯನ್ನು ಸಿಡಿಸದಿದ್ದರೆ ಏನಾಯಿತು ಎಂದು ಕೇಳುವವರು ಹಸಿ ಸಾಸಿವೆಯನ್ನು ನೀರು ಹಾಕಿ ಅರೆದು ನೋಡಲಿ. ಮೂಗಿಗೆ ಏರುವ ಆ ಘಾಟು ಕಾಳು ಒಡೆದು ನೀರು ತಾಗಿದಾಗ ಹುಟ್ಟುವಂಥದ್ದು, ಬಿಸಿ ಎಣ್ಣೆಯಲ್ಲಿ ಅದು ಹುಟ್ಟುವುದೇ ಇಲ್ಲ. ಬದಲಿಗೆ ಹುರಿದ ಕಾಳಿನ ಸೌಮ್ಯ ರುಚಿ ಬರುತ್ತದೆ. ಸೌತೆಕಾಯಿ ಸಾಸಿವೆಗೆ ಮೊದಲನೆಯದು, ಸಾರಿಗೆ ಎರಡನೆಯದು. ತೊವ್ವೆಗೂ ಉಪ್ಪಿಟ್ಟಿಗೂ ಇದೇ ಕ್ರಮ. ಮೊಸರನ್ನಕ್ಕೆ ಮಾತ್ರ ಒಗ್ಗರಣೆ ಆರಿದ ಮೇಲೆ ಕಲಸಿ.

ಇಂಗಿನ ಮಾತು ಬಂತಲ್ಲ, ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಇಂಗು ಒಂದು ಗಿಡದ ಬೇರಿನಿಂದ ಒಸರುವ ಹಾಲು ಗಟ್ಟಿಯಾದದ್ದು. ತಲೆಮಾರುಗಳಿಂದ ಅದು ನಮಗೆ ಬರುತ್ತಿರುವುದು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ. ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಗಿಡ ನೆಟ್ಟು ನಮ್ಮಲ್ಲೂ ಬೆಳೆಯಲು ಹೊರಟದ್ದು 2020ರ ಅಕ್ಟೋಬರಿನಲ್ಲಿ. ಅಪ್ಪಟ ಇಂಗಿನ ಘಾಟು ತಡೆಯಲಾಗದಷ್ಟು. ಆದ್ದರಿಂದ ಅಂಗಡಿಯ ಡಬ್ಬಿಯಲ್ಲಿ ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಸಾಮಾನ್ಯವಾಗಿ ಗೋಧಿಯದು ಇಲ್ಲವೇ ಮೈದಾ. ಮನೆಯಲ್ಲಿ ಗೋಧಿ ಒಗ್ಗದವರು ಇದ್ದು, ಬರೀ ಸಾರನ್ನ ಉಂಡರೂ ಹೊಟ್ಟೆ ಕೆಡುತ್ತಿದ್ದರೆ ಇಂಗಿನ ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಿ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಹುಡುಕಿ ಅದನ್ನೇ ತನ್ನಿ.