ಹೀಟರ್ ಕೊಳ್ಳುವ ಮೊದಲು ಶೆಡ್ಡಿನ ಗಾಳಿ ನೋಡಿ

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ನಮ್ಮ ಅಂಗಡಿಗೆ ಬಂದು ಒಂದೇ ಮಾತು ಕೇಳುತ್ತಾರೆ: "ತೋಟದಾಗ ರಾತ್ರಿ ಮಲಗಾಕ ಸಣ್ಣ ಗ್ಯಾಸ್ ಹೀಟರ್ ಬೇಕಾಗಿತ್ರೀ, ಯಾವ್ದು ತಗೊಳ್ಳೂಣು?" ವಿಜಯಪುರದ ಥಂಡಿ ಉಂಡವರಿಗೆ ಈ ಆಸೆ ಅತಿಯೆನಿಸದು. ಡಿಸೆಂಬರ್, ಜನವರಿಯಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟಿನ ಪಾಳಿ ನಡುರಾತ್ರಿ ಬಂದರೆ ಮೋಟರ್ ಚಾಲೂ ಮಾಡಿ, ನೀರು ತಿರುವಿ, ತೊಯ್ದ ಕಾಲಲ್ಲಿ ತಗಡಿನ ಶೆಡ್ಡಿಗೆ ಮರಳಬೇಕು. ಕೌದಿ ಹೊದ್ದರೂ ನಡುಕ ನಿಲ್ಲುವುದಿಲ್ಲ.

ಗ್ಯಾಸ್ ಉಪಕರಣಗಳ ಜೋಡಣೆ, ದುರಸ್ತಿ ನನ್ನ ಕಸುಬು. ಹೀಟರ್ ಮಾರಿದರೆ ನನಗೇ ಲಾಭ. ಆದರೂ ಬಂದವರಿಗೆಲ್ಲ ಮೊದಲು ಹೇಳುವುದು ಇಷ್ಟು: ಮೈ ಕಾಯಿಸಿಕೊಳ್ಳಲು ತಗೊಳ್ಳಿ, ಉರಿಯುತ್ತಿರುವಾಗ ಮಲಗಬೇಡಿ. ಕಣ್ಣು ಎಳೆಯತೊಡಗಿದರೆ ಸಿಲಿಂಡರಿನ ಹತ್ತಿರವೇ ಬಂದ್ ಮಾಡಿ.

ಎಷ್ಟು ದೊಡ್ಡದು ಬೇಕು ಎಂಬುದಕ್ಕಿಂತ ನಿಮ್ಮ ಶೆಡ್ಡಿನಲ್ಲಿ ಗಾಳಿ ಎಷ್ಟಿದೆ ಎಂಬ ಲೆಕ್ಕ ಮೊದಲು ಆಗಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಶೆಡ್ ಅಂದರೆ ಸುಮಾರು 23 ಘನ ಮೀಟರ್ ಗಾಳಿ. 2 ಕಿಲೋವ್ಯಾಟ್ ಹೀಟರ್ ತಾಸಿಗೆ ಸುಮಾರು 150 ಗ್ರಾಂ ಗ್ಯಾಸ್ ಸುಡುತ್ತದೆ. ಸಂದಿ ಬಿಡದೆ ಮುಚ್ಚಿದ ಶೆಡ್ಡಾದರೆ ಶೇಕಡಾ 21ರಷ್ಟಿದ್ದ ಆಮ್ಲಜನಕ ಎರಡು ತಾಸಿನೊಳಗೆ 18ಕ್ಕೆ ಇಳಿಯುತ್ತದೆ. ಒಳಗೆ ಕೂತವರ ಉಸಿರಾಟ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ನಮ್ಮ ಹಳೆಯ ಶೆಡ್ಡುಗಳಲ್ಲಿ ತಗಡಿನ ಅಲೆಗಳ ಸಂದಿಯಿಂದ ಗಾಳಿ ಆಡುತ್ತದೆ, ಅದೇ ಅನೇಕರನ್ನು ಕಾಪಾಡಿದೆ. ಥಂಡಿಗೆ ಹೆದರಿ ಆ ಸಂದಿಗಳಿಗೆ ಗೋಣಿಚೀಲ ತುರುಕಿ, ಒಳಗಿನಿಂದ ತಾಡಪತ್ರಿ ಹೊಡೆದವರ ಬಗ್ಗೆಯೇ ನನಗೆ ಭಯ. ನೆಲದ ಹತ್ತಿರ ಒಂದು, ಮೇಲೆ ತಗಡಿನ ಕೆಳಗೆ ಒಂದು, ಎರಡು ಕಡೆಯೂ ಅಂಗೈಗಿಂತ ದೊಡ್ಡ ಕಿಂಡಿ ಯಾವಾಗಲೂ ತೆರೆದಿರಲಿ. ಇನ್ನೊಂದು ಮಾತು: ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಮಿಕ್ಕಿ ನೀರಿನ ಆವಿ ಹುಟ್ಟುತ್ತದೆ. ನಸುಕಿನಲ್ಲಿ ತಗಡಿನಿಂದ ಹಾಸಿಗೆಯ ಮೇಲೆ ಹನಿ ಬೀಳುತ್ತಿದ್ದರೆ ಗಾಳಿಯ ದಾರಿ ಸಾಲದು ಎಂದೇ ತಿಳಿಯಿರಿ.

ಈಗ ಮೊಬೈಲಿನಲ್ಲಿ ತೋರಿಸುವ ಹೀಟರುಗಳ ವಿಷಯ. ಅವುಗಳಲ್ಲಿ ಬಹಳಷ್ಟು ಅಮೆರಿಕದ ಮಿನ್ನೆಸೋಟ, ಕೆನಡಾದಂಥ ಕಡೆಗೆ ಮಾಡಿದವು. ಅಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಡೇರೆ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಸೊನ್ನೆಗಿಂತ ಇಪ್ಪತ್ತು, ಮೂವತ್ತು ಡಿಗ್ರಿ ಕೆಳಗಿನ ಆ ಥಂಡಿಯಲ್ಲಿ ಬ್ಯೂಟೇನ್ ಎಂಬ ಗ್ಯಾಸ್ ಆವಿಯಾಗುವುದೇ ಇಲ್ಲ, ಅದು ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ. ಪ್ರೋಪೇನ್ ಮೈನಸ್ 42ರಲ್ಲೇ ಕುದಿಯುತ್ತದೆ, ಅದಕ್ಕೇ ಅವರಿಗೆ ಪ್ರೋಪೇನ್ ಬೇಕು. ನಮ್ಮ ಸಿಲಿಂಡರಿನಲ್ಲಿರುವುದು ಎರಡರ ಮಿಶ್ರಣ, ನಮ್ಮ ಚಳಿಗೆ ಅದು ಧಾರಾಳ ಸಾಕು. ಪ್ರೋಪೇನಿಗೆಂದೇ ಕೊರೆದ ಜೆಟ್ಟಿಗೆ (ಗ್ಯಾಸ್ ಚಿಮ್ಮುವ ಸಣ್ಣ ತೂತಿಗೆ) ನಮ್ಮ ಗ್ಯಾಸ್ ಕೊಟ್ಟರೆ ಮಾತ್ರ ಗ್ಯಾಸ್ ಹೆಚ್ಚಾಗಿ, ಗಾಳಿ ಸಾಲದೆ ಜ್ವಾಲೆ ಹಳದಿಗೆ ತಿರುಗುತ್ತದೆ, ಮಸಿ ಕಟ್ಟುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಅವರ ಸಣ್ಣ ಗ್ಯಾಸ್ ಡಬ್ಬಿಯ ಥ್ರೆಡ್ಡಿಗೆ ನಮ್ಮ ರೆಗ್ಯುಲೇಟರ್ ಕೂರುವುದಿಲ್ಲ. ಕೂರಿಸಲು ಅಡಾಪ್ಟರ್ ಮಾಡಿಕೊಡಿ ಎಂದು ಕೇಳುವವರಿಗೆ ನಾನು ಖಡಾಖಂಡಿತ ಇಲ್ಲ ಅನ್ನುತ್ತೇನೆ. ಭಾರತದ ಎಲ್‌ಪಿಜಿಗೆ ಎಂದು ಬರೆದಿರುವುದನ್ನೇ ಕೊಳ್ಳಿ.

ಆದರೆ ಆ ಮೀನು ಹಿಡಿಯುವವರ ಹೀಟರಿನಲ್ಲಿ ಎರಡು ಒಳ್ಳೆಯ ವ್ಯವಸ್ಥೆಗಳಿವೆ. ನೀವು ಕೊಳ್ಳುವುದರಲ್ಲೂ ಅವನ್ನು ಹುಡುಕಿ, ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಒಂದು, ಉರುಳಿದರೆ ತಾನೇ ಆರುವ ಸ್ವಿಚ್. ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಹಚ್ಚಿಸಿ, ಒಂದು ಬದಿ ಎತ್ತಿಸಿ ನೋಡಿ. ಟಕ್ ಎಂದು ಆರಬೇಕು. ಇನ್ನೊಂದು, ಆಮ್ಲಜನಕ ಕೊರತೆಯ ಸೆನ್ಸರ್. ಹೀಟರಿನ ಬುಡದಲ್ಲಿ ಚಿಕ್ಕ ಪೈಲಟ್ ಜ್ವಾಲೆಯೊಂದು ಉರಿಯುತ್ತದೆ, ಅದರ ತುದಿ ಥರ್ಮೋಕಪಲ್ ಎಂಬ ಕಡ್ಡಿಯನ್ನು ನೆಕ್ಕುತ್ತಿರುತ್ತದೆ. ಕಡ್ಡಿ ಬಿಸಿ ಇರುವವರೆಗೆ ಅದರಲ್ಲಿ ಹುಟ್ಟುವ ಅಲ್ಪ ವಿದ್ಯುತ್ತು ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುತ್ತದೆ. ಆಮ್ಲಜನಕ 18ರ ಸುತ್ತಮುತ್ತ ಇಳಿದಾಗ ಜ್ವಾಲೆ ಬುಡ ಬಿಟ್ಟು ಮೇಲೆದ್ದು ಕಡ್ಡಿಯಿಂದ ದೂರ ಸರಿಯುತ್ತದೆ. ಕಡ್ಡಿ ತಣ್ಣಗಾಗುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. "ಪದೇಪದೇ ಆರಾಕತ್ತೈತ್ರೀ, ಆ ಕಡ್ಡೀನ ಬೈಪಾಸ್ ಮಾಡ್ರಿ" ಅನ್ನುವವರಿದ್ದಾರೆ. ಅಣ್ಣಾರ, ಅದು ನಿಮ್ಮ ಜೀವ ಕಾಯುವ ಕೆಲಸ ಮಾಡುತ್ತಿರಬಹುದು. ಮೊದಲು ಕಿಂಡಿ ತೆರೆಯಿರಿ. ಆಮೇಲೂ ಆರಿದರೆ ಪೈಲಟ್ಟಿನ ತೂತಿನಲ್ಲಿ ಧೂಳೋ ಜೇಡರ ಬಲೆಯೋ ಸಿಕ್ಕಿರಬಹುದು, ತಂದುಕೊಡಿ, ಸ್ವಚ್ಛ ಮಾಡಿಸಿ.

ಈ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು ಮಾತ್ರ. ಬರ್ನರ್ ಕೊಳೆಯಾಗಿದ್ದರೆ ಆಮ್ಲಜನಕ ಸಾಕಷ್ಟಿದ್ದಾಗಲೂ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಬೇಕೇ ಬೇಕು. ಬಹಳ ಜನ ಅಡುಗೆಮನೆಗೆ ಹಾಕುವ ಗ್ಯಾಸ್ ಸೋರಿಕೆಯ ಅಲಾರಾಂ ತಂದು ನಿಶ್ಚಿಂತರಾಗಿಬಿಡುತ್ತಾರೆ. ಅದು ಬೇರೆ, ಇದು ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಾಂ ನೆಲದ ಹತ್ತಿರ ಇರಬೇಕು. ಮಾನಾಕ್ಸೈಡಿನದು ಹೊರಸಿನ ಮಟ್ಟದಲ್ಲಿ, ನಿಮ್ಮ ಉಸಿರಿನ ಎತ್ತರದಲ್ಲಿರಲಿ.

ಹೀಟರಿನ ಬದಲು ಇದ್ದಲಿ ಶೆಗಡಿ ಇಟ್ಟರಾಯಿತು ಅನ್ನುವವರು ದಯವಿಟ್ಟು ಕೇಳಿ: ಹೊಗೆ ನಿಂತು ಕೆಂಪಗೆ ಕಾದ ಕೆಂಡವೇ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಹೀಟರಿಗಿಂತ ಕೆಟ್ಟದ್ದು. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಕಡಿಯುವ ಗ್ಯಾಂಗಿನವರು ರವದಿ (ಕಬ್ಬಿನ ಒಣ ಎಲೆ), ಪ್ಲಾಸ್ಟಿಕ್ ಹಾಳೆ ಹೊದಿಸಿದ ಗುಡಿಸಲಲ್ಲಿ ಇರುತ್ತಾರೆ. ಅದರೊಳಗೆ ಬೆಂಕಿಯ ಯಾವ ಸಾಧನವೂ ಸಲ್ಲದು. ಅವರಿಗೆ ಒಳ್ಳೆಯ ಹಾಸಿಗೆ, ಹೊದಿಕೆ ಕೊಡಿಸುವುದು ಕರೆತಂದವರ ಹೊಣೆ ಎಂದೇ ನನ್ನ ಅಭಿಪ್ರಾಯ.

ಉಳಿದದ್ದು ಜೋಡಣೆ. ಸಿಲಿಂಡರ್ ಶೆಡ್ಡಿನ ಹೊರಗೆ, ನೆಟ್ಟಗೆ ನಿಂತಿರಲಿ. ಐಎಸ್ 9573 ಗುರುತಿನ ಸುರಕ್ಷಾ ಹೋಸನ್ನೇ ಹಾಕಿ, ಅದರ ಮೇಲಿನ ತಾರೀಖು ನೋಡಿ ಐದು ವರ್ಷಕ್ಕೆ ಬದಲಿಸಿ. ದ್ರಾಕ್ಷಿಗೆ ಹೊಡೆಯುವ ಗಂಧಕದ ಪುಡಿ, ಡೀಸೆಲ್ ಡಬ್ಬಿ, ಖಾಲಿ ಔಷಧ ಡಬ್ಬಿ ಇವೆಲ್ಲ ಅದೇ ಶೆಡ್ಡಿನ ಮೂಲೆಯಲ್ಲಿ ಇರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಹೀಟರ್ ಬರುವ ದಿನ ಅವು ಬೇರೆ ಕಡೆ ಹೋಗಬೇಕು.

ಹೀಟರ್ ಮುಂದೆ ಕೂತಾಗ ತಲೆನೋವು, ವಾಕರಿಕೆ, ಕಾಲು ಸೋತಂತೆ ಅನ್ನಿಸಿದರೆ ದಣಿವೆಂದು ಮಲಗಬೇಡಿ, ಎದ್ದು ಹೊರಗೆ ಬನ್ನಿ, ಜೊತೆಯವರನ್ನೂ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರುವ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಿ 1906ಕ್ಕೆ ತಿಳಿಸಿ.