ಹೈಪೊ ಮತ್ತು ಹೈಪರ್: ಯಾವುದು ಕೆಳಗೆ, ಯಾವುದು ಮೇಲೆ?

ನರ್ಸಿಂಗ್ ಕಲಿಯಲು ಬಂದವರಿಗೂ ಪ್ರಯೋಗಾಲಯ ತಂತ್ರಜ್ಞರ ತರಬೇತಿಗೆ ಸೇರಿದವರಿಗೂ ಆರಂಭದಲ್ಲೇ ಎದುರಾಗುವ ಎರಡು ಉಪಸರ್ಗಗಳು ‘ಹೈಪೊ’ ಮತ್ತು ‘ಹೈಪರ್’. ಎರಡೂ ಗ್ರೀಕ್ ಮೂಲದವು. ಹೈಪೊ ಎಂದರೆ ಕೆಳಗೆ, ಇರಬೇಕಾದುದಕ್ಕಿಂತ ಕಡಿಮೆ; ಹೈಪರ್ ಎಂದರೆ ಮೇಲೆ, ಇರಬೇಕಾದುದಕ್ಕಿಂತ ಹೆಚ್ಚು. ಅರ್ಥ ಇಷ್ಟು ಸರಳವಾಗಿದ್ದರೂ ಇವು ಸುಲಭವಾಗಿ ಅದಲುಬದಲಾಗುತ್ತವೆ. ಎರಡರ ಮೊದಲ ಭಾಗ ಒಂದೇ ಆಗಿದ್ದು, ವ್ಯತ್ಯಾಸವೆಲ್ಲ ಕೊನೆಯ ಸದ್ದಿನಲ್ಲಿದೆ. ಅವಸರದ ಮಾತಿನಲ್ಲಿ ನಾವು ನುಂಗಿಬಿಡುವುದೂ ಆ ಕೊನೆಯ ಸದ್ದನ್ನೇ.

ಕನ್ನಡ ಬಲ್ಲವರಿಗೆ ಇವನ್ನು ನೆನಪಿಡಲು ಒಂದು ಒಳದಾರಿಯಿದೆ. ಗ್ರೀಕಿನ ಹೈಪೊ ಮತ್ತು ಸಂಸ್ಕೃತದ ‘ಉಪ’ ಒಂದೇ ಮೂಲದಿಂದ ಬಂದ ಪದಗಳು. ಹಾಗೆಯೇ ಹೈಪರ್ ಮತ್ತು ‘ಉಪರಿ’ ಕೂಡ. ಉಪನದಿ, ಉಪರಾಷ್ಟ್ರಪತಿ ಎಂಬಲ್ಲಿ ‘ಉಪ’ ಮುಖ್ಯವಾದುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಸೂಚಿಸಿದರೆ, ‘ಉಪರಿ’ ಎಂದರೆ ನೇರವಾಗಿ ‘ಮೇಲೆ’ ಎಂದೇ ಅರ್ಥ. ರಕಾರ ಇದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ವೈದ್ಯಕೀಯ ಪದವನ್ನು ಬಾಯಿಪಾಠ ಮಾಡುವುದಕ್ಕಿಂತ ಬಿಡಿಸಿ ಓದುವುದು ಮೇಲು. ಹೈಪೊಗ್ಲೈಸೀಮಿಯಾ ಎಂಬಲ್ಲಿ ನಡುವಿನ ಭಾಗ ಸಿಹಿಯನ್ನೂ ಕೊನೆಯ ‘ಈಮಿಯಾ’ ರಕ್ತದಲ್ಲಿನ ಸ್ಥಿತಿಯನ್ನೂ ಹೇಳುವುದರಿಂದ, ರಕ್ತದಲ್ಲಿ ಸಕ್ಕರೆಯ ಅಂಶ ಕಡಿಮೆಯಾಗಿದೆ ಎಂಬ ಅರ್ಥ ತಾನಾಗಿಯೇ ಹೊರಡುತ್ತದೆ. ನಡುವಿನ ಭಾಗ ಬದಲಾದರೆ ಹೊಸ ಪದ ಸಿದ್ಧ: ಹೈಪೊನೇಟ್ರೀಮಿಯಾ ಎಂದರೆ ರಕ್ತದಲ್ಲಿ ಸೋಡಿಯಂ ಕಡಿಮೆ, ಹೈಪರ್‌ಕಲೀಮಿಯಾ ಎಂದರೆ ಪೊಟ್ಯಾಸಿಯಂ ಹೆಚ್ಚು. ರಸಾಯನಶಾಸ್ತ್ರದಲ್ಲಿ ಸೋಡಿಯಂಗೆ ‘ಎನ್‌ಎ’, ಪೊಟ್ಯಾಸಿಯಂಗೆ ‘ಕೆ’ ಎಂಬ ಸಂಕೇತಗಳು ಬಂದಿರುವುದೂ ನೇಟ್ರಿಯಂ, ಕೇಲಿಯಂ ಎಂಬ ಇದೇ ಹೆಸರುಗಳಿಂದ. ಎಲ್ಲ ಕಡೆಯೂ ಹೈಪೊ ಎಂದರೆ ಪ್ರಮಾಣದಲ್ಲಿ ಕಡಿಮೆ ಎಂದಲ್ಲ. ಹೈಪೊಡರ್ಮಿಕ್ ಸೂಜಿ ಎಂಬಲ್ಲಿ ಅದು ಚರ್ಮದ ಕೆಳಗೆ ಎಂಬ ಜಾಗವನ್ನಷ್ಟೇ ತಿಳಿಸುತ್ತದೆ.

ಹೈಪರ್‌ಟೆನ್ಷನ್ ಪದದಲ್ಲಿ ತೊಡಕಿರುವುದು ಉಪಸರ್ಗದಲ್ಲಲ್ಲ, ಅದರ ಮುಂದಿನ ಭಾಗದಲ್ಲಿ. ಇಲ್ಲಿ ಟೆನ್ಷನ್ ಎಂದರೆ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ. ನಮ್ಮ ದಿನಬಳಕೆಯ ಕನ್ನಡದಲ್ಲಾದರೋ ಅದು ಚಿಂತೆ, ಕಳವಳ ಎಂದಾಗಿದೆ. ಆದ್ದರಿಂದಲೇ 160/100 ಒತ್ತಡವಿರುವವರು ‘ನನಗೆ ಯಾವ ಟೆನ್ಷನ್ನೂ ಇಲ್ಲ, ಮಾತ್ರೆ ಯಾಕೆ?’ ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಅವರಿಗೆ ‘ಅಧಿಕ ರಕ್ತದೊತ್ತಡ’ ಎಂದೋ, ‘ಬಿಪಿ ಜಾಸ್ತಿ ಇದೆ’ ಎಂದೋ ಹೇಳುವುದೇ ಸರಿ.

ಇವೆರಡೂ ಉಪಸರ್ಗಗಳು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಥೈರಾಯ್ಡ್ ವಿಷಯದಲ್ಲಿ. ‘ನನಗೆ ಥೈರಾಯ್ಡ್ ಇದೆ’ ಎನ್ನುವ ರೋಗಿಯ ಮಾತಿನಲ್ಲಿ ಹೈಪೊ, ಹೈಪರ್ ಎರಡೂ ಬಿಟ್ಟುಹೋಗಿರುತ್ತವೆ. ಗ್ರಂಥಿ ಎಲ್ಲರಿಗೂ ಇದೆ. ಅದರ ಕೆಲಸ ಕುಗ್ಗಿದೆಯೋ ಮಿತಿಮೀರಿದೆಯೋ ಎಂಬುದು ಕೇಳಬೇಕಾದ ಪ್ರಶ್ನೆ. ಹೈಪೊಥೈರಾಯ್ಡಿಸಂ ಇದ್ದರೆ ತೂಕ ಏರುವುದು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಸುಸ್ತು ಕಾಣಿಸಬಹುದು. ಹೈಪರ್‌ಥೈರಾಯ್ಡಿಸಂ ಇದ್ದರೆ ತೂಕ ಇಳಿಯುವುದು, ಸೆಕೆ ತಡೆಯಲಾಗದಿರುವುದು, ಎದೆಬಡಿತ, ಕೈನಡುಕ. ಮೊದಲನೆಯದಕ್ಕೆ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ಕೊಟ್ಟರೆ, ಎರಡನೆಯದಕ್ಕೆ ಗ್ರಂಥಿಯ ಉತ್ಪಾದನೆಯನ್ನು ತಗ್ಗಿಸುವ ಕಾರ್ಬಿಮಜೋಲ್‌ನಂಥ ಔಷಧಿ ಬೇಕಾಗುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ವರದಿಯಲ್ಲಿ ಟಿಎಸ್‌ಎಚ್ 18 ಎಂದು ಬಂದು ಪಕ್ಕದಲ್ಲಿ ‘ಹೆಚ್ಚು’ ಎಂಬ ಗುರುತಿದ್ದರೆ, ಅದನ್ನು ಹೈಪರ್ ಎಂದು ಓದಿಕೊಳ್ಳುವುದು ಸಹಜ; ಆದರೆ ಸಾಮಾನ್ಯವಾಗಿ ಅದು ಹೈಪೊ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವ ಹಾರ್ಮೋನಲ್ಲ, ಥೈರಾಯ್ಡಿಗೆ ‘ಕೆಲಸ ಮಾಡು’ ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಆಜ್ಞೆ. ಕೆಲಸ ನಡೆಯದಿದ್ದಾಗ ಆಜ್ಞೆ ಜೋರಾಗುತ್ತದೆ. ಹಾಗಾಗಿ ರೋಗದ ಹೆಸರಿನಲ್ಲಿರುವ ಹೈಪೊ ಗ್ರಂಥಿಯ ಕೆಲಸವನ್ನು ಕುರಿತದ್ದೇ ಹೊರತು ವರದಿಯಲ್ಲಿನ ಅಂಕಿಯನ್ನಲ್ಲ. ಯಾವ ಪದದಲ್ಲೇ ಆಗಲಿ, ‘ಕಡಿಮೆಯಾಗಿರುವುದು ಏನು?’ ಎಂದು ಕೇಳಿಕೊಳ್ಳದೆ ಮುಂದೆ ಹೋಗಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಪದ ತಪ್ಪಿದರೆ ಅತಿ ಬೇಗ ಅಪಾಯವಾಗುವುದು ಸಕ್ಕರೆಯ ವಿಷಯದಲ್ಲಿ. ಮಧುಮೇಹ ಇರುವವರಲ್ಲಿ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಹೈಪೊ. ಬೆವರು, ನಡುಕ, ಗಲಿಬಿಲಿ ಕಾಣಿಸಿಕೊಂಡ ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ 15 ಗ್ರಾಂ ಗ್ಲುಕೋಸ್ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಇದನ್ನೇ ಹೈಪರ್ ಎಂದು ಕೇಳಿಸಿಕೊಂಡು ಇನ್ಸುಲಿನ್ ಕೊಟ್ಟರೆ ಇಳಿದ ಸಕ್ಕರೆ ಇನ್ನೂ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ರಾತ್ರಿ ಪಾಳಿಯಲ್ಲಿ ವೈದ್ಯರಿಗೆ ಫೋನು ಮಾಡುವಾಗ ಉಪಸರ್ಗವೊಂದನ್ನೇ ನಂಬದೆ, ‘ಸರ್, ಹನ್ನೊಂದನೇ ಬೆಡ್‌ನವರಿಗೆ ಶುಗರ್ ಕಡಿಮೆಯಾಗಿದೆ, 52 ಇದೆ, ಹೈಪೊ’ ಎಂದು ಅಂಕಿ ಸಮೇತ ಹೇಳಿ, ಆ ಕಡೆಯಿಂದ ‘52, ಕಡಿಮೆ’ ಎಂಬ ಮಾತು ಮರಳಿ ಬರುವವರೆಗೆ ಫೋನು ಇಡಬಾರದು.